ಐದು ದಿನದೊಳಗೆ ತಲುಪಿಸಬೇಕಾದ ಅರ್ಜಿ

ಆ ಮಂಗಳವಾರ ಬೆಳಿಗ್ಗೆ ನನ್ನ ಚಿಂತೆಯೆಲ್ಲ ಪೆನ್ನುಗಳದ್ದಾಗಿತ್ತು. ಮತದಾರರ ನೋಂದಣಿ ಅರ್ಜಿಯನ್ನು ಯಾರಾದರೂ ಪೆನ್ಸಿಲಿನಲ್ಲಿ ತುಂಬಿಬಿಟ್ಟರೆ ಏನು ಗತಿ ಎಂದು ಹೆದರಿ ಮೂರು ಡಬ್ಬ ಕಪ್ಪು ಪೆನ್ನು ಕೊಂಡು ತಂದಿದ್ದೆ. ತರಗತಿಯಲ್ಲಿದ್ದದ್ದು ಇಪ್ಪತ್ತೆಂಟು ಮಕ್ಕಳು. ನನ್ನ ಹೆಂಡತಿ ಡಬ್ಬಗಳನ್ನು ನೋಡಿ, "ಒಂದು ಅರ್ಜಿಗೆ ಎಷ್ಟು ಕೈಯಿಂದ ಸಹಿ ಹಾಕಿಸ್ತೀರಿ?" ಎಂದಿದ್ದಳು. ಮನುಷ್ಯನ ಚಿಂತೆಗೆ ಒಂದು ದುರಭ್ಯಾಸವಿದೆ. ಅದು ಯಾವಾಗಲೂ ಪಕ್ಕದ ಬಾಗಿಲನ್ನೇ ಕಾಯುತ್ತಿರುತ್ತದೆ.

ಡಲ್ಲಾಸಿನ ಹೊರವಲಯದಲ್ಲಿ, ಇರ್ವಿಂಗಿನಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಸಿಗುವ ಹೈಸ್ಕೂಲೊಂದರಲ್ಲಿ ನಾನು ಕೊನೆಯ ವರ್ಷದ ಮಕ್ಕಳಿಗೆ ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಎಂಬುದನ್ನು ಕಲಿಸುತ್ತೇನೆ. ಸರ್ಕಾರಿ ಲಕೋಟೆ ಬಂದರೆ ಒಡೆಯುವ ಮುಂಚೆ ನೀರು ಕುಡಿಯುವ ಮನುಷ್ಯನಿಗೆ ಈ ಕೆಲಸ ಹೇಗೆ ಸಿಕ್ಕಿತೋ. ಟೆಕ್ಸಸ್‌ನಲ್ಲಿ ಹೈಸ್ಕೂಲಿನವರು ವರ್ಷಕ್ಕೆ ಎರಡು ಸಲ, ಹದಿನೆಂಟು ತುಂಬಿದ ಅಥವಾ ತುಂಬಲಿರುವ ಮಕ್ಕಳಿಗೆ ಮತದಾರರ ನೋಂದಣಿ ಅರ್ಜಿ ಹಂಚಬೇಕೆಂಬ ಕಾನೂನಿದೆ. ತುಂಬಿದ ಅರ್ಜಿಗಳನ್ನು ತೆಗೆದುಕೊಳ್ಳುವ ಅಧಿಕಾರ ಪ್ರಿನ್ಸಿಪಾಲರದ್ದು, ಇಲ್ಲವೇ ಅವರು ನೇಮಿಸಿದವರದ್ದು. ನಮ್ಮ ಪ್ರಿನ್ಸಿಪಾಲ್ ನನ್ನನ್ನು ನೇಮಿಸಿದ್ದರು. "ಈ ಕಟ್ಟಡದಲ್ಲಿ ನಿಮ್ಮಷ್ಟು ಚೆನ್ನಾಗಿ ಚಿಂತೆ ಮಾಡುವವರು ಇನ್ನೊಬ್ಬರಿಲ್ಲ," ಎಂದು ಆಕೆ ನಕ್ಕಿದ್ದರು. ಅದನ್ನು ನಾನು ಬಡ್ತಿಯೆಂದೇ ಭಾವಿಸಿದೆ.

ಕೆಲಸದ ಕ್ರಮ ಸರಳ. ಅರ್ಜಿ ತೆಗೆದುಕೊಳ್ಳಬೇಕು, ಕೊಟ್ಟವರಿಗೆ ರಸೀದಿ ಹರಿದು ಕೊಡಬೇಕು, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಎಲ್ಲ ಜಾಗ ತುಂಬಿದೆಯೇ ಎಂದು ನೋಡಬಹುದು, ಆದರೆ ಒಂದಕ್ಷರ ತಿದ್ದುವಂತಿಲ್ಲ. ಐದು ದಿನದೊಳಗೆ ಕೌಂಟಿಯ, ಅಂದರೆ ಜಿಲ್ಲೆಯ, ಚುನಾವಣಾ ಕಚೇರಿಗೆ ತಲುಪಿಸಬೇಕು. ಬೇಕೆಂದೇ ತಲುಪಿಸದಿದ್ದರೆ ಅದು ಅಪರಾಧ. ಅರ್ಜಿ ನನ್ನ ಕೈಗೆ ಬಂದ ದಿನವೇ ಕೌಂಟಿಗೆ ಬಂದಂತೆ ಲೆಕ್ಕ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು.

ತಪ್ಪಾದದ್ದು ಬೇರೆ ಕಡೆ. ಹಿಂದಿನ ಸೆಮಿಸ್ಟರಿನಲ್ಲಿ ಬೇರೆ ತಂಡದ ಮಕ್ಕಳಿಗೆ ಅರ್ಜಿ ಹಂಚುವಾಗ, ಇದು ಇಲ್ಲಿನ ನಾಗರಿಕರಿಗೆ ಮಾತ್ರ ಎಂದು ಗಟ್ಟಿಯಾಗಿ ಹೇಳಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಪೆನ್ನು ಮುಚ್ಚಿಟ್ಟು ಮೇಜಿನ ಮೇಲೆ ತಲೆಯಿಟ್ಟವನು ಗಂಟೆ ಹೊಡೆಯುವ ತನಕ ಎತ್ತಲಿಲ್ಲ. ಮನೆಗೆ ಹೋದ ಮೇಲೂ ಆ ತಲೆ ನನ್ನ ಕಣ್ಣ ಮುಂದೆ ಇತ್ತು. ಆದ್ದರಿಂದ ಈ ಸಲ ಯಾರನ್ನೂ ಎತ್ತಿ ತೋರಿಸಬಾರದೆಂದು ನಿರ್ಧರಿಸಿದ್ದೆ. ಎಲ್ಲರಿಗೂ ಅರ್ಜಿ ಕೊಟ್ಟು, "ಮೊದಲಿನಿಂದ ನಿಧಾನವಾಗಿ ಓದಿ. ನಿಮಗೆ ಅನ್ವಯಿಸಿದರೆ ತುಂಬಿ ಕೊಡಿ. ಇಲ್ಲದಿದ್ದರೆ ಅಭ್ಯಾಸಕ್ಕೆ ಇಟ್ಟುಕೊಳ್ಳಿ," ಎಂದೆ. ಅರ್ಜಿಯ ಮೊದಲ ಪ್ರಶ್ನೆಯೇ ನೀವು ಅಮೆರಿಕದ ನಾಗರಿಕರೇ ಎಂಬುದು. ಅದನ್ನು ನಾನು ಗಟ್ಟಿಯಾಗಿ ಓದಲಿಲ್ಲ. ಎಂಥ ಸೂಕ್ಷ್ಮ ಮನುಷ್ಯ ನಾನು ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಹತ್ತೊಂಬತ್ತು ಅರ್ಜಿಗಳು ಬಂದವು. ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು ಒಬ್ಬ ಕನ್ನಡದ ಹುಡುಗಿಯದು. ಅವಳ ಮನೆಯವರು ಮೈಸೂರಿನ ಕಡೆಯವರು, ದೇವಸ್ಥಾನದಲ್ಲಿ ಕಂಡರೆ ಮಾತಾಡಿಸುವಷ್ಟು ಪರಿಚಯ. ಅಲ್ಲಿ ನಾನು ಅವಳಿಗೆ ಅಂಕಲ್, ಶಾಲೆಯಲ್ಲಿ ಬರೀ ಮಿಸ್ಟರ್. ಮಾತೆಲ್ಲ ಇಂಗ್ಲಿಷು, ನಡುನಡುವೆ ಕನ್ನಡದ ಚೂರು. ಇಲ್ಲಿ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವಳ ಅರ್ಜಿಯನ್ನು ಕಟ್ಟಿನ ಮೇಲಿಟ್ಟು, ಸಹಿ ಮರೆತಿದ್ದ ಇನ್ನೊಬ್ಬ ಹುಡುಗನಿಗೆ, "ನೋಡು, ಹೀಗೆ ತುಂಬಬೇಕು," ಎಂದು ತೋರಿಸಿದೆ. ಮೊದಲ ಚೌಕದಲ್ಲಿ ಹೌದು ಎಂಬಲ್ಲಿ ದಪ್ಪ ಟಿಕ್ ಮಾರ್ಕಿತ್ತು.

ಮರುದಿನ ಬೆಳಿಗ್ಗೆ ಐದೂವರೆಗೆ ಅದೇ ಮಕ್ಕಳನ್ನು ಬಸ್ಸಿನಲ್ಲಿ ಟೆಕ್ಸಸ್ ರಾಜಧಾನಿ ಆಸ್ಟಿನ್‌ಗೆ ಕರೆದುಕೊಂಡು ಹೊರಟೆ. ಶಾಸನಸಭೆ ನಡೆಯುತ್ತಿತ್ತು. ಶಾಲಾ ಬಸ್ಸಿನ ಸೀಟ್ ಬೆಲ್ಟಿನ ಬಗ್ಗೆ ಒಂದು ಮಸೂದೆ ಸಮಿತಿಯ ಮುಂದಿತ್ತು. ಯಾರು ಬೇಕಾದರೂ ಹೆಸರು ಕೊಟ್ಟು ಎರಡು ನಿಮಿಷ ಮಾತಾಡಬಹುದು. ನಮ್ಮ ಶಾಲೆಯ ಪರವಾಗಿ ಮಾತಾಡಲು ಮಕ್ಕಳೇ ಆರಿಸಿದ್ದು ಈ ಹುಡುಗಿಯನ್ನು. ಬಸ್ಸು ಆಸ್ಟಿನ್ ಹತ್ತಿರದ ರೌಂಡ್ ರಾಕ್ ದಾಟಿ ನಿಂತುನಿಂತು ಹೋಗುವಾಗ ನಾನು ತಡವಾಗುತ್ತದೆಂದು ಬೆವರಿದರೆ, ಅವಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತಿದ್ದಳು.

ಸಮಿತಿಯ ಕೋಣೆಯಲ್ಲಿ ಅವಳು ನಡುಗಲಿಲ್ಲ. ಮೈಕಿನ ಮುಂದೆ ಕೂತು ಹೆಸರು, ಶಾಲೆ, ಊರು ಹೇಳಿ, ನಾವು ಬೆಳಿಗ್ಗೆ ಬಂದದ್ದೇ ಬೆಲ್ಟಿಲ್ಲದ ಬಸ್ಸಿನಲ್ಲಿ ಎಂದಳು. ಸದಸ್ಯರು ನಕ್ಕರು. ಒಬ್ಬ ಹಿರಿಯ ಸದಸ್ಯ, "ಮುಂದಿನ ಚುನಾವಣೆಯಲ್ಲಿ ನನ್ನ ವಿರುದ್ಧ ನಿಲ್ಲಬೇಡ, ಮಗಳೇ," ಎಂದ. ಅವಳು, "ಇನ್ನೂ ಯೋಚನೆ ಮಾಡಿಲ್ಲ, ಸರ್," ಎಂದಳು. ನನಗೆ ಕಣ್ಣು ಒದ್ದೆಯಾಯಿತು.

ಹೊರಗೆ ಹುಲ್ಲಿನ ಮೇಲೆ ಕೂತು ಊಟ ಮಾಡುವಾಗ ಹುಡುಗಿಯರು ಹಿಂದಿನ ವಾರದ ರಜೆಯ ಫೋಟೋ ತೋರಿಸಿಕೊಳ್ಳುತ್ತಿದ್ದರು. ಮೆಕ್ಸಿಕೊದ ಸಮುದ್ರ ತೀರ. ಗೆಳತಿಯೊಬ್ಬಳು ನಮ್ಮ ಹುಡುಗಿಯನ್ನು ಚುಚ್ಚಿದಳು: "ನೀನು ಮಾತ್ರ ಕೈಕೊಟ್ಟೆ."

"ನಾನೇನು ಮಾಡಲಿ? ನಂದು ಅದೇನೋ ಸ್ಟಾಂಪಿಂಗ್ ಇಲ್ಲ, ವಾಪಸ್ ಬರೋಕೆ ಆಗಲ್ಲ ಅಂದ್ರು ಅಪ್ಪ."

ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪಾಸ್‌ಪೋರ್ಟಿಗೆ ವೀಸಾದ ಮುದ್ರೆ ಬೇಕಾದವರು ಯಾರು, ಬೇಡದವರು ಯಾರು ಎಂದು ಈ ಊರಿನ ಯಾವ ಭಾರತೀಯನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ನಾಗರಿಕರಿಗೆ ಅದು ಬೇಡ. ವಿದ್ಯಾರ್ಥಿಯ ವಲಸೆ ಸ್ಥಿತಿಯನ್ನು ಶಿಕ್ಷಕ ಕೇಳಬಾರದು, ಅದು ನಮ್ಮ ನಿಯಮ. ಅವಳು ಡಬ್ಬಿ ತೊಳೆಯಲು ಎದ್ದಾಗ ಹಿಂದೆ ಹೋದೆ.

"ನಾನು ಏನೂ ಕೇಳ್ತಿಲ್ಲ," ಎಂದೆ. "ನಿನ್ನೆ ತುಂಬಿದ ಅರ್ಜಿಯ ಮೊದಲನೇ ಪ್ರಶ್ನೇನ ಇವತ್ತು ಮನೇಲಿ ಅಪ್ಪನ ಹತ್ರ ಓದಿಸು. ಅಷ್ಟೇ."

ಅವಳು ಹುಬ್ಬು ಗಂಟಿಕ್ಕಿದಳು. "ಸಿಟಿಜನ್ ಪ್ರಶ್ನೇನಾ? ನಾವು ಆಗಿದೀವಲ್ಲ, ಮಿಸ್ಟರ್. ನಾನು ಥರ್ಡ್ ಗ್ರೇಡಲ್ಲಿದ್ದಾಗಲೇ ಅಪ್ರೂವ್ ಆಯ್ತು. ಮನೇಲಿ ಪೂಜೆ ಮಾಡಿದ್ರು. ಫ್ಲಾಗ್ ಇರೋ ಕೇಕ್ ಕಟ್ ಮಾಡಿದ್ವಿ."

ಆ ಕೇಕು ನನಗೆ ಗೊತ್ತು. ಅವರ ಮನೆಯದಲ್ಲ, ಹತ್ತು ಮನೆಗಳದ್ದು ತಿಂದಿದ್ದೇನೆ. ಕಂಪನಿಯವರು ಗ್ರೀನ್ ಕಾರ್ಡಿಗೆಂದು ಹಾಕಿದ ಮೊದಲ ಹಂತದ ಅರ್ಜಿ ಮಂಜೂರಾದರೆ ನಮ್ಮವರು ಸತ್ಯನಾರಾಯಣ ಪೂಜೆ ಮಾಡಿಸಿ, ಊರವರನ್ನೆಲ್ಲ ಕರೆದು, ಅಮೆರಿಕದ ಬಾವುಟ ಬಿಡಿಸಿದ ಕೇಕ್ ಕತ್ತರಿಸುತ್ತಾರೆ. ಅಲ್ಲಿಂದ ಸಾಲು ಶುರುವಾಗುತ್ತದೆಂದೂ, ಆ ಸಾಲಿನಲ್ಲೇ ತಲೆ ಹಣ್ಣಾಗಬಹುದೆಂದೂ ದೊಡ್ಡವರಿಗೆ ಗೊತ್ತಿರುತ್ತದೆ. ನೆಲದ ಮೇಲೆ ಕೂತು ಕೇಕ್ ತಿನ್ನುವ ಎಂಟು ವರ್ಷದವರಿಗೆ ಯಾರು ಹೇಳುತ್ತಾರೆ?

"ನನ್ನ ಲೈಸೆನ್ಸ್ ಕೂಡ ಟೆಕ್ಸಸ್‌ದೇ, ನೋಡಿ," ಎಂದು ತಾನಾಗಿಯೇ ತೆಗೆದು ತೋರಿಸಿದಳು. ಅದರ ಮೇಲೆ ಸೀಮಿತ ಅವಧಿ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳಿದ್ದವು. ಅದು ಇಪ್ಪತ್ತೊಂದರ ಒಳಗಿನ ಎಲ್ಲರಿಗೂ ಹಾಕುತ್ತಾರೆಂದು ಅವಳು ತಿಳಿದಿದ್ದಳು. ಅದು ವೀಸಾದ ಮೇಲಿರುವವರಿಗೆ ಮಾತ್ರ. ನಾನು ಲೈಸೆನ್ಸ್ ಹಿಂದಿರುಗಿಸಿದೆ.

ವಾಪಸು ಬರುವಾಗ ಪಶ್ಚಿಮದ ಆಕಾಶ ಹಸಿರುಗಪ್ಪಾಗಿತ್ತು. ವೇಕೊ ಹತ್ತಿರ ಬಸ್ಸಿನಲ್ಲಿದ್ದ ಫೋನುಗಳೆಲ್ಲ ಸುಂಟರಗಾಳಿಯ ಎಚ್ಚರಿಕೆ ಕೊಟ್ಟು ಒಟ್ಟಿಗೆ ಕಿರುಚಿದವು. ಮಕ್ಕಳು ಹೋ ಎಂದು ಕೂಗಿದರು. ನನಗೆ ಮಾತ್ರ ಅದು ನನ್ನೊಬ್ಬನಿಗೇ ಬಂದ ಎಚ್ಚರಿಕೆ ಅನ್ನಿಸಿತು.

ಶಾಲೆಯ ಪಾರ್ಕಿಂಗಿನಲ್ಲಿ ಕೊನೆಯ ಮಗು ಮನೆಗೆ ಹೋದ ಮೇಲೆ ಕಾರಿನಲ್ಲೇ ಕೂತು ಹ್ಯೂಸ್ಟನ್ನಿನ ವಲಸೆ ವಕೀಲರೊಬ್ಬರಿಗೆ ಫೋನ್ ಮಾಡಿದೆ. ಧಾರವಾಡದ ಕಡೆಯ ಹೆಂಗಸು. ಹಿಂದೆ ನನ್ನ ಪೌರತ್ವದ ಕಾಗದಗಳನ್ನು ನೋಡಿಕೊಟ್ಟವರು, ನನ್ನ ಚಿಂತೆಯ ಪರಿಚಯ ಚೆನ್ನಾಗಿ ಇದ್ದವರು.

"ಈಗ ಏನ್ರಿ ಸರ? ಮತ್ತ ಯಾವ ಲಕೋಟಿ ಬಂತು?" ಎಂದು ನಗುತ್ತ ಶುರು ಮಾಡಿದರು. ನಾನು ಹೆಸರು ಹೇಳದೆ ನಡೆದದ್ದನ್ನು ಹೇಳಿದೆ. ಅವರ ನಗು ನಿಂತಿತು.

"ಆ ಅರ್ಜಿ ಎಲ್ಲೈತಿ?"

"ನನ್ನ ಚೀಲದಲ್ಲಿ."

"ಹರದಿಲ್ಲ ಹೌದಿಲ್ಲೊ?"

"ಇಲ್ಲ."

"ಹರೀಬ್ಯಾಡ್ರಿ. ಹುಡುಗಿ ವಯಸ್ಸೆಷ್ಟು?"

"ಹದಿನೆಂಟಾಗಿ ಮೂರು ವಾರ."

"ಅಯ್ಯ, ಮೂರು ವಾರ! ಅದಕ್ಕೂ ಮೊದಲಾಗಿದ್ರ ಇನ್ನೂ ಸಣ್ಣಾಕಿ ಅಂತ ವಾದ ಮಾಡಬಹುದಿತ್ತು. ಕೇಳ್ರಿ. ಈ ದೇಶದಾಗ ಭಾಳ ತಪ್ಪಿಗೆ ಮಾಫಿ ಐತಿ. ಸಿಟಿಜನ್ ಅಲ್ಲದವರು ಸಿಟಿಜನ್ ಅಂತ ಹೇಳಿಕೊಂಡದ್ದಕ್ಕ ಮಾತ್ರ ಮಾಫಿ ಇಲ್ಲಂದ್ರೂ ನಡೀತೈತಿ. ಗೊತ್ತಿಲ್ದ ಹೇಳಿದ್ರೂ ಅಷ್ಟ ಅಂತ ವಾದ ಮಾಡೋ ಅಧಿಕಾರಿಗಳದಾರ. ಮುಂದ ಗ್ರೀನ್ ಕಾರ್ಡ್ ಇಲ್ಲ, ಏನಿಲ್ಲ, ಜೀವಮಾನ ಪೂರ್ತಿ. ಒಂದ ದಾರಿ ಐತಿ. ಯಾರೂ ಕೇಳೂಕಿಂತ ಮೊದಲ ಆಕಿ ತಾನಾಗೇ, ತನ್ನ ಕೈಲೇ, ತಪ್ಪಾತು, ವಾಪಸ್ ತಗೋತೀನಿ ಅಂತ ಬರದು ಕೊಡಬೇಕು. ಅರ್ಜಿ ಮತ್ತ ಆ ಕಾಗದ ಎರಡರ ಮ್ಯಾಲೂ ಒಂದ ಹೊತ್ತಿಗೆ ಕೌಂಟಿ ಮುದ್ರಿ ಬೀಳಬೇಕು."

"ಅಷ್ಟು ಮಾಡಿದ್ರೆ ಬಚಾವಾ?"

"ಬಚಾವ್ ಅಂತ ನಾ ಎಲ್ಲೆರೆ ಹೇಳಿದ್ನಾ? ವಾದ ಮಾಡಾಕ ಒಂದು ಕಾಗದ ಇರತೈತಿ ಅಂದೆ. ಅವರಪ್ಪಗ ನನಗ ಫೋನ್ ಮಾಡಾಕ ಹೇಳ್ರಿ. ಹುಡುಗೀನ ನಾ ಎದುರಿಗೆ ಕುಂದ್ರಿಸಿಕೊಂಡು ಮಾತಾಡಬೇಕು, ಅಪ್ಪ ಹೊರಗ."

ಐದನೇ ದಿನ ಭಾನುವಾರ ಬರುತ್ತಿತ್ತು. ಕೌಂಟಿ ಕಚೇರಿ ಶುಕ್ರವಾರ ಸಂಜೆ ನಾಲ್ಕೂವರೆಗೆ ಮುಚ್ಚುತ್ತದೆ. ಅಂದರೆ ನಮಗಿದ್ದದ್ದು ಎರಡು ದಿನ.

ಗುರುವಾರ ಬೆಳಿಗ್ಗೆ ಏಳಕ್ಕೆ ಇರ್ವಿಂಗಿನ ಲಾಸ್ ಕೊಲಿನಾಸ್‌ನ ಕಾಲುವೆಯ ಪಕ್ಕ ಅವಳ ತಂದೆಯನ್ನು ಕಂಡೆ. ಅಲ್ಲೇ ಅವರ ಆಫೀಸು. ಯಾರಾದರೂ ಕೇಳಿಸಿಕೊಂಡಾರೆಂದು ಫೋನನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು. ನನ್ನದನ್ನೂ ಬಿಟ್ಟು ಬರಲು ಹೇಳಿದರು. ಹಿಂದಿನ ರಾತ್ರಿ ಮಗಳು ಪ್ರಶ್ನೆ ಓದಿಸಿದ್ದಳಂತೆ. ಅವರು, ನಾಳೆ ಹೇಳ್ತೀನಿ ಮಲಕ್ಕೋ, ಎಂದಿದ್ದರಂತೆ. ಅವರು ಮಲಗಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ವಕೀಲರು ಹೇಳಿದ್ದನ್ನೆಲ್ಲ ತಿಳಿಸಿದೆ.

"ಅದನ್ನ ಹರಿದು ಹಾಕ್ಬಿಡಿ, ಸರ್."

"ರಸೀದಿ ಕೊಟ್ಟಿದೀನಿ."

"ಅದನ್ನೂ ತಂದಿದೀನಿ," ಎಂದು ಅಂಗಿಯ ಜೇಬಿನಿಂದ ತೆಗೆದರು. ಮಗಳ ಬ್ಯಾಗಿನಿಂದ ತೆಗೆದುಕೊಂಡು ಬಂದಿದ್ದರು. "ಒಂದು ಕಾಗದ ಸರ್. ಹತ್ತೊಂಬತ್ತಿದ್ದದ್ದು ಹದಿನೆಂಟಾಗತ್ತೆ. ಯಾರಿಗೆ ಗೊತ್ತಾಗತ್ತೆ? ನಾವಾಗೇ ಹೋಗಿ, ನೋಡಿ ಸ್ವಾಮಿ ನಮ್ಮ ಮಗಳು ಇಂಥದ್ದು ಮಾಡಿದಾಳೆ ಅಂತ ಬರೆದು ಕೊಟ್ಟು ಬರೋದಾ? ಈಗಿನ ಕಾಲದಲ್ಲಿ?"

"ಅವಳಿಗೆ ಯಾಕೆ ಹೇಳಿರ್ಲಿಲ್ಲ ನೀವು?"

"ಏನಂತ ಹೇಳೋದು? ಎರಡು ವರ್ಷದ ಕೂಸು ಕರ್ಕೊಂಡು ಬಂದಿದ್ದು. ತಮ್ಮ ಇಲ್ಲೇ ಹುಟ್ಟಿದೋನು. ಒಂದೇ ಮನೇಲಿ ಅವನೊಂದು ಥರ ನೀನೊಂದು ಥರ ಅಂತ ಹೇಳೋದಾ? ಫಾರ್ಮ್ ಎಲ್ಲ ನಾನೇ ತುಂಬ್ತಿದ್ದೆ. ಕಾಲೇಜಿಂದೂ ನಾನೇ ತುಂಬಿದ್ದು. ಕಾಲೇಜಿಗೆ ಹೋದ್ಮೇಲೆ ನಿಧಾನವಾಗಿ ಹೇಳೋಣ ಅಂತ ನಾನೂ ನಮ್ಮನೆಯವಳೂ ಅಂದ್ಕೊಂಡಿದ್ವಿ." ನೀರಿನ ಕಡೆ ನೋಡಿದರು. "ನೀವು ಒಂದು ಮಾತು ಗಟ್ಟಿಯಾಗಿ ಓದಿದ್ರೆ ಆಗ್ತಿತ್ತಲ್ಲ ಸರ್. ಒಂದೇ ಒಂದು ಮಾತು."

ನಾನು ರಸೀದಿಯನ್ನು ಅವರ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿದೆ.

ಶಾಲೆಗೆ ಹೋಗಿ ಪ್ರಿನ್ಸಿಪಾಲರಿಗೆ, ಒಂದು ಅರ್ಜಿಯಲ್ಲಿ ತೊಂದರೆ ಇರಬಹುದು ಎಂದು ಯಾರದೆಂದು ಹೇಳದೆ ತಿಳಿಸಿದೆ. ಆಕೆ ಎದ್ದು ಬಾಗಿಲು ಹಾಕಿ ಬಂದರು. "ಎಲ್ಲ ಅರ್ಜಿಗಳನ್ನೂ ಸಮಯಕ್ಕೆ ಸರಿಯಾಗಿ ತಲುಪಿಸಿ. ಅದಕ್ಕಿಂತ ಹೆಚ್ಚು ನನಗೆ ಹೇಳಬೇಡಿ," ಎಂದರು. ಆಕೆ ಒಳ್ಳೆಯ ಹೆಂಗಸು. ಒಳ್ಳೆಯವರೂ ಬಾಗಿಲು ಹಾಕಿಕೊಂಡೇ ಮಾತಾಡಬೇಕಾಗಿತ್ತು.

ಮಧ್ಯಾಹ್ನ, ಊಟದ ವಿರಾಮದಲ್ಲಿ, ಜೆರಾಕ್ಸ್ ಕೋಣೆಗೆ ಹೋದೆ. ಮೂಲೆಯಲ್ಲಿ ಕಾಗದ ಚೂರು ಮಾಡುವ ಯಂತ್ರವಿದೆ. ಒಂದು ಕೈಯಲ್ಲಿ ಅವಳ ಅರ್ಜಿ, ಇನ್ನೊಂದರಲ್ಲಿ ಎರಡೂ ರಸೀದಿ. ತಂದೆ ಕೊಟ್ಟದ್ದು ಮತ್ತು ನನ್ನ ಪ್ರತಿ. ಯಂತ್ರದ ಹಸಿರು ದೀಪ ಉರಿಯುತ್ತಿತ್ತು. ಮೂರು ಸೆಕೆಂಡಿನ ಕೆಲಸ. ಹುಡುಗಿಯ ಜೀವನ ಮಂಗಳವಾರ ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಗೆ ವಾಪಸು. ನನ್ನ ತಪ್ಪು ಚೂರುಚೂರು.

ಧೈರ್ಯವಿದ್ದಿದ್ದರೆ ಹಾಕಿಬಿಡುತ್ತಿದ್ದೆನೋ ಏನೋ. ನನಗಿದ್ದದ್ದು ಅಭ್ಯಾಸವಾದ ಹೆದರಿಕೆ. ಅದು ಒಂದರ ಹಿಂದೆ ಒಂದು ತೋರಿಸಿತು. ಆ ಅರ್ಜಿಯನ್ನು ನಾನು ಯಾರಿಗೆ ಮಾದರಿಯೆಂದು ತೋರಿಸಿದ್ದೆನೋ ಆ ಹುಡುಗ. ಅವಳಿಗೆ ವೋಟರ್ ಕಾರ್ಡು ಯಾಕೆ ಬರಲಿಲ್ಲವೆಂದು ಕೇಳುವ ಗೆಳತಿಯರು. ಹತ್ತು ವರ್ಷದ ನಂತರ ಯಾವುದೋ ಕಿಟಕಿಯಿಲ್ಲದ ಕೋಣೆಯಲ್ಲಿ, ಯಾವತ್ತಾದರೂ ನಾಗರಿಕಳೆಂದು ಹೇಳಿಕೊಂಡಿದ್ದೀಯಾ ಎಂಬ ಪ್ರಶ್ನೆ, ಅದಕ್ಕೆ ಅವಳು ಇಲ್ಲ ಎನ್ನುವುದು. ಆಗ ಅದು ನಿಜವಾದ ಸುಳ್ಳಾಗುತ್ತದೆ. ಮತ್ತು ಅದನ್ನು ಕಲಿಸಿದವನು ಸರ್ಕಾರದ ಪಾಠದ ಮೇಷ್ಟ್ರು.

ಆಗಲೇ ಇನ್ನೊಂದೂ ಹೊಳೆಯಿತು. ಹರಿಯಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ಇಬ್ಬರು ನಡುವಯಸ್ಸಿನ ಗಂಡಸರು ಕಾಲುವೆ ಪಕ್ಕ, ಯಂತ್ರದ ಪಕ್ಕ ನಿಂತು ತೀರ್ಮಾನಿಸಲು ಒದ್ದಾಡುತ್ತಿದ್ದೆವು. ಅರ್ಜಿ ಇಬ್ಬರದೂ ಅಲ್ಲ. ಸಹಿ ಹಾಕಿದವಳಿಗೆ ಹದಿನೆಂಟಾಗಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ.

ತಂದೆಗೆ ಫೋನ್ ಮಾಡಿ, ಸಂಜೆ ನಾಲ್ಕಕ್ಕೆ ತರಗತಿಗೆ ಬನ್ನಿ, ಅವಳೂ ಇರುತ್ತಾಳೆ, ಎಂದೆ. ಬರುವುದಿಲ್ಲ ಎಂದರು. ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಹದಿಹರೆಯದವರ ಕುರ್ಚಿಯಲ್ಲಿ ಮೊಣಕಾಲು ಸಿಕ್ಕಿಸಿಕೊಂಡು ಕೂತರು. ಹಿಂದಿನ ಗೋಡೆಯ ಮೇಲೆ ಮಸೂದೆಯೊಂದು ಕಾನೂನಾಗುವ ದಾರಿಯನ್ನು ಬಾಣಗಳಲ್ಲಿ ತೋರಿಸುವ ಮಕ್ಕಳ ಚಿತ್ರ. ನಾನು ಅರ್ಜಿಯನ್ನು ಮೂವರ ನಡುವೆ ಮೇಜಿನ ಮೇಲಿಟ್ಟೆ.

"ಹೇಳಿ," ಎಂದೆ. ಅವರು ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡು, ಮತ್ತೆ ನಡುವೆ ಇಟ್ಟರು.

"ನೀನು ಸಿಟಿಜನ್ ಅಲ್ಲ, ಪುಟ್ಟಿ," ಎಂದರು ಕೊನೆಗೆ.

"ಗ್ರೀನ್ ಕಾರ್ಡಾ ಹಾಗಾದ್ರೆ?"

"ಅದೂ ಇಲ್ಲ. ಸಾಲಲ್ಲಿದೀವಿ."

"ಪೂಜೆ ಮಾಡಿದ್ರಲ್ಲ!"

"ಸಾಲಲ್ಲಿ ನಿಂತಿದ್ದಕ್ಕೆ ಮಾಡಿದ್ದು."

ಅವಳು ತಂದೆಯನ್ನೇ ನೋಡಿದಳು. "ತಮ್ಮ?"

"ಅವನು ಹೌದು. ಇಲ್ಲೇ ಹುಟ್ಟಿದ್ನಲ್ಲ. ನಾನು, ಅಮ್ಮ, ನೀನು ಮೂರು ಜನ ಇಲ್ಲ."

"ನೀವಿಬ್ಬರೂ ಸಿಟಿಜನ್ ಅಲ್ಲ, ಅದು ನಿಮಗೆ ಗೊತ್ತಿತ್ತು. ನಾನೂ ಅಲ್ಲ, ನನಗೆ ಗೊತ್ತಿರ್ಲಿಲ್ಲ," ಎಂದಳು. ಆಮೇಲೆ, ಪಾಠದಲ್ಲಿ ಅನುಮಾನ ಕೇಳುವ ದನಿಯಲ್ಲೇ, "ಎಷ್ಟು ದಿನ ಇರಬಹುದು ನಾನು ಇಲ್ಲಿ?"

"ಇಪ್ಪತ್ತೊಂದರವರೆಗೆ ನಮ್ಮ ಜೊತೆ. ಆಮೇಲೆ ಬೇರೆ ವೀಸಾ ನೋಡಬೇಕು. ನೋಡೋಣ. ದಾರಿ ಇರತ್ತೆ."

ಅವಳು ಅಳುತ್ತಾಳೆಂದು ನಾನು ಟಿಶ್ಯೂ ಡಬ್ಬ ಮುಂದಕ್ಕೆ ತಳ್ಳಿದ್ದೆ. ಅದು ಅಲ್ಲೇ ಇತ್ತು. ನಾನು ಎರಡು ದಾರಿಗಳನ್ನೂ ಹೇಳಿದೆ: ಹರಿದರೆ ಏನಾಗಬಹುದು, ಕೊಟ್ಟರೆ ಏನಾಗಬಹುದು. ಯಾವುದು ಸುರಕ್ಷಿತವೆಂದು ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಮೊದಲ ಪ್ರಶ್ನೆಯನ್ನು ನಾನು ಓದಬೇಕಿತ್ತು, ಓದಲಿಲ್ಲ ಎಂದೆ.

"ನಾನು ಓದಿದ್ದೆ, ಮಿಸ್ಟರ್. ಓದಿಯೇ ಟಿಕ್ ಮಾಡಿದ್ದು," ಎಂದಳು. ಅರ್ಜಿಯನ್ನು ತಿರುಗಿಸಿ ತನ್ನ ಸಹಿಯನ್ನು ನೋಡಿದಳು. "ಕೊಡೋಣ. ನಾನೇ ಬರೀತೀನಿ. ಅಪ್ಪಾ, ನೀವು ತುಂಬಬೇಡಿ."

ಶುಕ್ರವಾರ ನಸುಕಿನಲ್ಲೇ ತಂದೆ ಮಗಳು ವಕೀಲರನ್ನು ಕಾಣಲು ಹ್ಯೂಸ್ಟನ್‌ಗೆ ಹೊರಟರು. ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ. ನಾನು ಅರ್ಧ ದಿನ ರಜೆ ಹಾಕಿ ಎರಡೂವರೆಗೆ ಕೌಂಟಿ ಕಚೇರಿಯ ಬೆಂಚಿನ ಮೇಲೆ ಕೂತೆ, ತೊಡೆಯ ಮೇಲೆ ಹತ್ತೊಂಬತ್ತು ಅರ್ಜಿಗಳ ಚೀಲ. ಮೂರಕ್ಕೆ ಫೋನ್ ಬಂತು. ಹೆದ್ದಾರಿಯಲ್ಲಿ ಲಾರಿ ಮಗುಚಿದೆ, ಇನ್ನೂ ಒಂದು ಗಂಟೆಯ ದಾರಿಯಿದೆ, ಕೋರ್ಸಿಕಾನ ಹತ್ತಿರ ನಿಂತಿದ್ದೇವೆ.

"ನೀವು ಉಳಿದದ್ದು ಕೊಟ್ಬಿಡಿ ಸರ್, ಇದೊಂದು ಇಟ್ಕೊಳಿ," ಎಂದರು ತಂದೆ. ಹಿಂದಿನಿಂದ ಮಗಳ ದನಿ: "ಬೇಡ. ಕಾಯಿರಿ ಅನ್ನಿ."

ಕಾದೆ. ಬಾಗಿಲ ಬಳಿ ಸಮವಸ್ತ್ರದ ಕಾವಲುಗಾರನೊಬ್ಬ ನಿಂತಿದ್ದ. ಒಂದೂವರೆ ಗಂಟೆ ಒಂದೇ ಚೀಲ ಅಪ್ಪಿಕೊಂಡು ಕೂತ ಕಂದು ಬಣ್ಣದ ಮನುಷ್ಯನನ್ನು ಅವನು ಆಗಾಗ ನೋಡುತ್ತಿದ್ದ. ನಾನು ನಗಲು ಪ್ರಯತ್ನಿಸಿದೆ. ಅದರಿಂದ ಅನುಮಾನ ಹೆಚ್ಚಾಗಿರಬೇಕು.

ನಾಲ್ಕು ಹದಿನೆಂಟಕ್ಕೆ ಇಬ್ಬರೂ ಓಡಿ ಬಂದರು. ಹುಡುಗಿಯ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಕೌಂಟರಿನ ಹೆಂಗಸಿಗೆ ನಾನು ಕಟ್ಟನ್ನು ಕೊಟ್ಟೆ. ಹುಡುಗಿಯ ಅರ್ಜಿಯನ್ನು ಬೇರೆಯಾಗಿ ಮೇಲಿಟ್ಟಿದ್ದೆ. ಅದರ ಪಕ್ಕ ಹುಡುಗಿ ತನ್ನ ಕಾಗದವಿಟ್ಟಳು. "ಇವೆರಡಕ್ಕೂ ಒಟ್ಟಿಗೆ ಸೀಲ್ ಬೇಕು, ಮ್ಯಾಮ್. ನನಗೊಂದು ಪ್ರತಿ ಬೇಕು."

ಹೆಂಗಸು ಓದಿದರು. ಮತ್ತೊಮ್ಮೆ ಓದಿದರು. ಎರಡನ್ನೂ ಹಿಡಿದು ಒಳಗೆ ಹೋದರು. ಕಾವಲುಗಾರ ಬಾಗಿಲಿನಿಂದ ಎರಡು ಹೆಜ್ಜೆ ಈಚೆ ಬಂದು ನಿಂತ. ಬೀಗ ಹಾಕುವ ಹೊತ್ತಾಗಿದ್ದಕ್ಕೆ ಬಂದನೋ ಏನೋ. ತಂದೆಯ ಕೈ ನನ್ನ ತೋಳನ್ನು ಹಿಡಿಯಿತು. ಹುಡುಗಿ ತಿರುಗಿ, "ಅಂಕಲ್," ಎಂದಳು, ಅಷ್ಟೇ. ಶಾಲೆಯ ಕೆಲಸದಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ.

ಒಳಗಿನಿಂದ ಮೇಲಧಿಕಾರಿ ಬಂದ. ಮರ್ಯಾದಸ್ಥ. "ತಪ್ಪೆಂದು ಯಾವಾಗ ಗೊತ್ತಾಯಿತು?" ಎಂದು ಕೇಳಿದ.

"ನಿನ್ನೆ ಸಂಜೆ, ನಾಲ್ಕು ಗಂಟೆಗೆ."

"ಇಲ್ಲಿಗೆ ಬರಲು ಯಾರು ಹೇಳಿದರು?"

"ನಾನೇ."

ಅವನು ಎರಡಕ್ಕೂ ಸೀಲ್ ಹೊಡೆದ. ಪ್ರತಿ ಕೊಟ್ಟ. ನಾನು ಕೇಳಬಾರದ್ದನ್ನು ಕೇಳಿದೆ: "ಇದು ಮುಂದೆ ಎಲ್ಲಿಗೆ ಹೋಗುತ್ತದೆ?" ಅವನು ನನ್ನನ್ನು, ಆಮೇಲೆ ಹುಡುಗಿಯನ್ನು ನೋಡಿ, "ಅದನ್ನು ನಾನು ಹೇಳಲಾರೆ," ಎಂದ. ಹೇಳಬಾರದೋ, ಗೊತ್ತಿಲ್ಲವೋ, ತಿಳಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯು‌ತ್ತಿರಲಿಲ್ಲವೇನೋ. ಮೂರು ವಾರ ಏನೂ ಆಗಲಿಲ್ಲ. ಪಾಠ ಮುಂದುವರಿಯಿತು, ನ್ಯಾಯಾಂಗಕ್ಕೆ ಬಂದಿದ್ದೆವು. ಅವಳು ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದಳು, ಕೇಳಿದ ಪ್ರಶ್ನೆಗಳು ಮಾತ್ರ ಹೆಚ್ಚು ಹರಿತ. ನಾಲ್ಕನೇ ವಾರ ತಂದೆ ಫೋನ್ ಮಾಡಿದರು. ಈ ಸಲ ಫೋನಿಗೆ ಹೆದರುವುದನ್ನೂ ಮರೆತಿದ್ದರು.

"ಸರ್, ಕಾರ್ಡ್ ಬಂದಿದೆ. ವೋಟರ್ ಕಾರ್ಡು. ಅವಳ ಹೆಸರಲ್ಲಿ. ಮನೆಗೆ!"

ಕಚೇರಿಯ ಒಂದು ಮೇಜಿಗೆ ಕಾಗದ ಹೋಗಿತ್ತು, ಇನ್ನೊಂದು ಮೇಜಿಗೆ ಅರ್ಜಿ ಹೋಗಿತ್ತು. ಎರಡು ಮೇಜುಗಳು ಮಾತಾಡಿಕೊಂಡಿರಲಿಲ್ಲ. ಈಗ ನಮ್ಮ ಹುಡುಗಿ ಟೆಕ್ಸಸ್‌ನ ಮತದಾರಳು. ವಕೀಲರಿಗೆ ಹೇಳಿದಾಗ ಅವರು ಬೈಯಲೂ ಇಲ್ಲ. "ಮುಟ್ಟಬ್ಯಾಡ್ರಿ. ಫೋಟೋ ತಗೀರಿ. ವಾಪಸ್ ಕೊಟ್ಟು ಬರಕೊಂಡು ಬರ್ರಿ. ಕಾಗದ ಹೆಚ್ಚಾದಷ್ಟೂ ಛಲೋ ಅಂತ ತಿಳಕೊಳ್ರಿ, ಮತ್ತೇನ್ ಮಾಡೂದು," ಎಂದರು.

ನಾನು ರಜೆ ಹಾಕಲು ಹೊರಟೆ. ತಂದೆಯೂ ಹಾಕಿದ್ದರಂತೆ. ಹುಡುಗಿ ಇಬ್ಬರಿಗೂ ಬೇಡವೆಂದಳು. ನೋಂದಣಿ ರದ್ದು ಮಾಡುವ ಅಧಿಕಾರ ಯಾರಿಗೆ, ಅದಕ್ಕೆ ಯಾವ ನಮೂನೆ ಎಂದು ಆಗಲೇ ಹುಡುಕಿಕೊಂಡಿದ್ದಳು. ಮರುದಿನ ಮೊದಲ ಎರಡು ಪೀರಿಯಡ್ ತಪ್ಪಿಸಿ ಒಬ್ಬಳೇ ಹೋದಳು.

ಹತ್ತೂಕಾಲಿಗೆ, ಮೂರನೇ ಪೀರಿಯಡ್ಡಿನ ಮಕ್ಕಳು ಒಳಗೆ ಬರುತ್ತಿದ್ದಾಗ, ನನ್ನ ಫೋನು ಅದುರಿತು. ಕಾರಿಡಾರಿಗೆ ಹೋದೆ.

"ಆಯ್ತು," ಎಂದಳು. "ಕಾರ್ಡ್ ತಗೊಂಡ್ರು. ಈ ಸಲ ತಗೊಂಡವರ ಹೆಸರು ಬರೆಸ್ಕೊಂಡೆ, ಸಹಿ ಹಾಕಿಸ್ಕೊಂಡೆ. ರದ್ದಾಗಿದ್ದಕ್ಕೆ ಲೆಟರ್ ಕೊಡಿ ಅಂತ ಅಲ್ಲೇ ಕೂತು ತಗೊಂಡೆ."

"ಶಭಾಷ್. ಏನಾದ್ರೂ ಕೇಳಿದ್ರಾ?"

ಆ ಕಡೆ ಗಾಡಿಗಳು ಹೋಗುವ ಸದ್ದು ಕೇಳುತ್ತಿತ್ತು.

"ಒಂದೇ ಕೇಳಿದ್ರು. ಲೆಟರ್ ಕೈಗೆ ಕೊಟ್ಟ ಮೇಲೆ, ನಮ್ಮ ಮನೆ ಅಡ್ರೆಸ್ ಈಗಲೂ ಅದೇನಾ ಅಂತ."

"ನೀನೇನಂದೆ?"

"ಹೌದು, ಅದೇ ಅಂದೆ." ಆಮೇಲೆ ಕೇಳಿದಳು, "ನಿಜ ತಾನೇ ಹೇಳಬೇಕು, ಮಿಸ್ಟರ್?"

ಹೌದು, ಎಂದೆ.